ಎಲೆಯೊಂದನ್ನು ಅಕ್ಷರಕ್ಕಿಳಿಸಿದ ಮಾದ್ಮೊಸೆಲ್ ರಿಯೇಗೊ

ಬಾಗಿಲಿಗೆ ಮಾವಿನೆಲೆಯ ತೋರಣ ಕಟ್ಟದೆ ನಮ್ಮಲ್ಲಿ ಹಬ್ಬ ಆರಂಭವಾಗುವುದಿಲ್ಲ. ಊರು ಬಿಟ್ಟು ಮುಂಬಯಿ, ಪುಣೆ, ದೆಹಲಿಗಳ ಬಹುಮಹಡಿ ಕಟ್ಟಡಗಳಲ್ಲಿ ನೆಲೆನಿಂತ ಅನೇಕ ಮನೆಗಳಲ್ಲಿ ಹಿತ್ತಿಲ ಮಾವಿನ ಮರ ಇಲ್ಲದಾದಾಗ, ಹಸಿರು ನೂಲಿನಲ್ಲಿ ಹೆಣೆದ ಎಲೆಗಳು ಅದರ ಸ್ಥಾನಕ್ಕೆ ಬಂದವು. ಅವು ಬಾಡುವುದಿಲ್ಲ, ಉದುರುವುದಿಲ್ಲ, ಒಗೆದು ಮುಂದಿನ ಯುಗಾದಿಗೆ ಮತ್ತೆ ಕಟ್ಟಬಹುದು. ತೋರಣದ ಎಲೆ, ಮೇಜಿನ ಹೊದಿಕೆ, ದೇವರ ಪೀಠದ ಅಂಚು, ಒಂದು ಕಾಲದಲ್ಲಿ ರೇಡಿಯೋ ಮತ್ತು ದೂರದರ್ಶನ ಪೆಟ್ಟಿಗೆಗಳ ಮೇಲಿನ ಮುಸುಕು, ಇವೆಲ್ಲ ಮೂಡುವುದು ಒಂದೇ ಕೊಕ್ಕೆಕಡ್ಡಿ ಮತ್ತು ಒಂದೇ ಎಳೆ ನೂಲಿನಿಂದ. ಕ್ರೋಶಾ ಎಂದು ನಾವು ಕರೆಯುವ ಈ ಹೆಣಿಗೆಯ ಹೆಸರು ಫ್ರೆಂಚ್ ಭಾಷೆಯದು. ಚಿಕ್ಕ ಕೊಕ್ಕೆ ಎಂದು ಅದರ ಅರ್ಥ.

ಈ ಹೆಣಿಗೆಯನ್ನು ನಮ್ಮ ತಾಯಂದಿರು ಕಲಿತದ್ದು ಹೆಚ್ಚಾಗಿ ನೋಡಿ, ಕೇಳಿ, ಬಿಚ್ಚಿ, ಮತ್ತೆ ಹೆಣೆದು. ಕೈಯಿಂದ ಕೈಗೆ ದಾಟುವ ಇಂತಹ ವಿದ್ಯೆಯನ್ನು ಅಕ್ಷರಗಳಲ್ಲಿ ಹಿಡಿದಿಟ್ಟು, ಕಲಿಸುವವರು ಎದುರಿಗಿಲ್ಲದಿದ್ದರೂ ಕಲಿಯುವಂತೆ ಮಾಡಿದವರಲ್ಲಿ ಅಗ್ರಗಣ್ಯರಾದ ಒಬ್ಬ ಮಹಿಳೆ 19ನೇ ಶತಮಾನದ ಇಂಗ್ಲೆಂಡಿನಲ್ಲಿ ಬಾಳಿದ್ದರು. ಅವರ ಪೂರ್ಣ ಹೆಸರು ಎಲಿಯನೋರ್ ರಿಯೇಗೊ ದೆ ಲಾ ಬ್ರಾಂಶಾರ್ಡಿಯೇರ್. ಓದುಗ ಸಮುದಾಯ ಅವರನ್ನು ಮಾದ್ಮೊಸೆಲ್ ರಿಯೇಗೊ ಎಂದೇ ಬಲ್ಲದು. ಕುಮಾರಿ ಎಂಬುದಕ್ಕೆ ಫ್ರೆಂಚರು ಬಳಸುವ ಮಾದ್ಮೊಸೆಲ್ ಎಂಬ ಸಂಬೋಧನೆ ಅವರ ಪುಸ್ತಕಗಳ ಮುಖಪುಟಗಳಲ್ಲಿ ಹೆಸರಿನ ಅಂಗವೇ ಆಗಿಹೋಯಿತು.

ರಿಯೇಗೊ ಅವರ ಜನನ 1828ರ ಸುಮಾರಿಗೆ, ಇಂಗ್ಲೆಂಡಿನಲ್ಲಿ. ತಂದೆ ಫ್ರೆಂಚ್ ಕುಲೀನ ಮನೆತನದವರು, ತಾಯಿ ಐರ್ಲೆಂಡಿನ ಮೂಲದವರು. ಹೀಗೆ ಹುಟ್ಟಿನಿಂದಲೇ ಅವರು ಮೂರು ನಾಡುಗಳಿಗೆ ಸಂಬಂಧಪಟ್ಟವರು. ಫ್ರಾನ್ಸಿನ ಹೆಸರು ಅವರಿಗೆ ಲಂಡನ್ನಿನ ಸಿರಿವಂತರ ನಡುವೆ ಗೌರವ ತಂದುಕೊಟ್ಟಿತು. ಇಂಗ್ಲೆಂಡ್ ಅವರಿಗೆ ಅಚ್ಚುಕೂಟವನ್ನೂ ಮಾರುಕಟ್ಟೆಯನ್ನೂ ಕೊಟ್ಟಿತು. ತಾಯಿಯ ನಾಡಾದ ಐರ್ಲೆಂಡಿನೊಡನೆ ಮಾತ್ರ ಅವರ ಹೆಸರು ಶಾಶ್ವತವಾಗಿ ಹೆಣೆದುಕೊಂಡಿತು.

ಅವರು ಬೆಳೆದ ಕಾಲ ಹೆಣ್ಣುಮಕ್ಕಳ ಕೈಗೆಲಸಕ್ಕೆ ಬಹಳ ಮನ್ನಣೆಯಿದ್ದ ಕಾಲ. ಮಧ್ಯಮವರ್ಗದ ಮನೆಯ ಹೆಣ್ಣುಮಗಳು ಹೊರಗೆ ದುಡಿಯುವುದು ಸಲ್ಲದು, ಆದರೆ ಮನೆಯಲ್ಲಿ ಸುಮ್ಮನೆ ಕೂರುವುದೂ ಸಲ್ಲದು ಎಂಬ ಭಾವನೆ ಬಲವಾಗಿತ್ತು. ಸೂಜಿ, ನೂಲು, ಉಣ್ಣೆಗಳು ಆ ಬಿಡುವನ್ನು ತುಂಬಿದವು. ಯಂತ್ರಗಳಿಂದ ಹೊರಬಂದ ಹತ್ತಿಯ ನೂಲು ಅಗ್ಗವಾಗಿ, ಒಂದೇ ಸಮನಾಗಿ ದೊರೆಯತೊಡಗಿತ್ತು. ಮುದ್ರಣ ಸುಲಭವಾಗಿತ್ತು. ಕೊರತೆಯಿದ್ದದ್ದು ಒಂದೇ, ಏನನ್ನು ಹೇಗೆ ಹೆಣೆಯಬೇಕೆಂದು ತಿಳಿಸುವ ಬರಹದ್ದು. ಎಡಿನ್‌ಬರೋದಲ್ಲಿ ಜೇನ್ ಗೋಗೇನ್, ಲಂಡನ್ನಿನಲ್ಲಿ ಫ್ರಾನ್ಸಿಸ್ ಲ್ಯಾಂಬರ್ಟ್ ಮುಂತಾದ ಮಹಿಳೆಯರು 1840ರ ದಶಕದ ಆರಂಭದಲ್ಲಿಯೇ ಇಂತಹ ಕೈಪಿಡಿಗಳನ್ನು ಹೊರತಂದಿದ್ದರು. ಅವರ ಹಿಂದೆಯೇ, 1846ರಲ್ಲಿ, ಹೆಣಿಗೆ, ಕ್ರೋಶಾ ಮತ್ತು ಬಲೆಗಂಟಿನ ಕೆಲಸವನ್ನು ಕುರಿತ ಪುಸ್ತಕವೊಂದರೊಡನೆ ರಿಯೇಗೊ ಅವರು ಓದುಗರ ಮುಂದೆ ಬಂದರು. ಆಗ ಅವರಿಗೆ ಹದಿನೆಂಟರ ಆಸುಪಾಸು. ಮರುವರ್ಷದಿಂದ ಕ್ರೋಶಾ ಪುಸ್ತಕಗಳ ಒಂದು ಮಾಲೆಯೇ ಹೊರಬರತೊಡಗಿತು.

ಅವರ ವೈಶಿಷ್ಟ್ಯವೇನೆಂಬುದನ್ನು ಇಲ್ಲಿ ತುಸು ನಿಂತು ನೋಡಬೇಕು. ಯುರೋಪಿನಲ್ಲಿ ಆವರೆಗೆ ಲೇಸ್ ಎಂದರೆ ಸೂಜಿಯಲ್ಲಿ ಹೊಲಿದ ಲೇಸ್, ಇಲ್ಲವೇ ದಿಂಬಿನ ಮೇಲೆ ಹತ್ತಾರು ಉರುಳೆಗಳನ್ನು ಅಡ್ಡತಿಡ್ಡ ಹಾಯಿಸಿ ನೇಯ್ದ ಲೇಸ್. ಇವೆರಡೂ ಅತಿ ನಿಧಾನದ ಕೆಲಸಗಳು, ಕಣ್ಣಿಗೆ ಆಯಾಸ ತರುವಂಥವು, ಬೆಲೆಯಲ್ಲಿಯೂ ದುಬಾರಿಯಾದಂಥವು. ಸ್ಪೇನಿನ ಹಳೆಯ ಸೂಜಿ ಲೇಸಿನಲ್ಲಿ ಉಬ್ಬಿದ ಹೂಗಳು, ಸುರುಳಿಗಳು, ಎಲೆಗಳು ತುಂಬಿರುತ್ತಿದ್ದವು. ಆ ಉಬ್ಬು ಕೆಲಸದ ಸೊಬಗನ್ನು ಕೊಕ್ಕೆಕಡ್ಡಿಯಿಂದ ತರಬಹುದೆಂದು ರಿಯೇಗೊ ಅವರು ಕಂಡುಕೊಂಡರು. ಕಂಡುಕೊಂಡದ್ದನ್ನು ತಮ್ಮ ಪೆಟ್ಟಿಗೆಯಲ್ಲಿ ಮುಚ್ಚಿಡದೆ ಸಾಲು ಸಾಲಾಗಿ ಬರೆದರು. ಸೂಜಿಯ ಲೇಸಿಗೆ ಹೋಲಿಸಿದರೆ ಕ್ರೋಶಾ ಹಲವು ಪಟ್ಟು ಬೇಗ ಮುಗಿಯುತ್ತದೆ. ಅದಕ್ಕೆ ದಿಂಬು ಬೇಡ, ಚೌಕಟ್ಟು ಬೇಡ, ಬಂಡವಾಳವೂ ಹೆಚ್ಚು ಬೇಡ.

ಉದಾಹರಣೆಗೆ ಆ ಬಗೆಯ ಒಂದು ಎಲೆಯನ್ನೇ ತೆಗೆದುಕೊಳ್ಳೋಣ. ಮೊದಲು ಎಲೆಯ ನಡುನರದಷ್ಟು ಉದ್ದಕ್ಕೆ ಸರಪಣಿ ಹೆಣಿಗೆ ಹಾಕಬೇಕು. ಅದರ ಒಂದು ಬದಿಗೆ ಒತ್ತಾದ ಚಿಕ್ಕ ಹೆಣಿಗೆಗಳನ್ನು ಹಾಕುತ್ತ ಹೋಗಬೇಕು. ಹಾಕುವಾಗ ಒಳಗೆ ದಪ್ಪ ಹುರಿಯೊಂದನ್ನು ಸೇರಿಸಿಕೊಂಡರೆ ಎಲೆ ಉಬ್ಬುತ್ತದೆ. ತುದಿಯಲ್ಲಿ ಒಂದೇ ಕಣ್ಣಿಗೆ ಮೂರು ಹೆಣಿಗೆ ಹಾಕಿ ಇನ್ನೊಂದು ಬದಿಗೆ ಹೊರಳಬೇಕು. ಆ ಬದಿ ಪೂರ್ತಿ ಮುಗಿಯುವ ಮೊದಲೇ, ಎರಡು ಮೂರು ಕಣ್ಣು ಉಳಿದಿರುವಂತೆ, ನಿಲ್ಲಿಸಿ ಹಿಂದಿರುಗಬೇಕು. ಮರಳುವಾಗ ಕಡ್ಡಿ ಹಿಂದಿನ ಸಾಲಿನ ಎರಡು ಎಳೆಗಳಲ್ಲಿ ಹಿಂಬದಿಯ ಎಳೆಯನ್ನು ಮಾತ್ರ ಹಿಡಿಯಬೇಕು. ಮುಂದಿನ ಎಳೆ ಹಾಗೆಯೇ ಉಳಿದು ಸಣ್ಣ ಏಣಾಗಿ ಮೇಲೇಳುತ್ತದೆ. ಅದೇ ಎಲೆಯ ನರ. ಪ್ರತಿ ಸಾಲೂ ತುದಿ ಮುಟ್ಟದೆ ಹಿಂದಿರುಗುವುದರಿಂದ ಅಂಚು ಗರಗಸದ ಹಲ್ಲಿನಂತೆ ಮೂಡುತ್ತದೆ. ಕೊನೆಯಲ್ಲಿ ಒಳಗಿನ ಹುರಿಯನ್ನು ಮೆಲ್ಲಗೆ ಎಳೆದರೆ ಎಲೆ ಗಾಳಿಗೆ ಬಾಗಿದಂತೆ ಬಾಗುತ್ತದೆ.

ಇಷ್ಟನ್ನು ನೋಡಿ ಕಲಿಯುವುದು ಹತ್ತು ನಿಮಿಷದ ಮಾತು. ಆದರೆ ಹೆಣಿಗೆಯನ್ನೇ ಕಾಣದ ಒಬ್ಬ ಓದುಗಳಿಗೆ, ನೂರಾರು ಮೈಲಿ ದೂರದಿಂದ, ಬರಿಯ ಮಾತಿನಲ್ಲಿ ತಿಳಿಸುವುದು ಸುಲಭವಲ್ಲ. ಯಾವ ಕಣ್ಣು, ಎಷ್ಟು ಸಲ, ಎಲ್ಲಿ ನಿಲ್ಲಬೇಕು, ಎತ್ತ ತಿರುಗಬೇಕು ಎಂಬುದರಲ್ಲಿ ಒಂದು ಎಣಿಕೆ ತಪ್ಪಿದರೂ ಎಲೆ ಎಲೆಯಾಗುವುದಿಲ್ಲ. ರಿಯೇಗೊ ಅವರ ಪುಸ್ತಕಗಳು ಹೆಣಿಗೆಗಳ ವಿವರಣೆ ಕೊಟ್ಟು, ಬಳಿಕ ಸಾಲಿನ ಸಂಖ್ಯೆ ಹಾಕಿ, ಪ್ರತಿ ಸಾಲಿನ ಲೆಕ್ಕ ಒಪ್ಪಿಸುತ್ತಿದ್ದವು. ಯಾವ ಕಂಪನಿಯ ಎಷ್ಟನೆಯ ನಂಬರಿನ ನೂಲು, ಎಷ್ಟನೆಯ ಅಳತೆಯ ಕಡ್ಡಿ ಎಂಬುದನ್ನೂ ನಮೂದಿಸುತ್ತಿದ್ದವು. ಡರ್ಬಿಯ ವಾಲ್ಟರ್ ಇವಾನ್ಸ್ ಕಂಪನಿಯ ಬೋರ್ಸ್ ಹೆಡ್ ನೂಲು ಅವರ ಸೂಚನೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಬ್ಯಾಂಕಿನ ಲೆಕ್ಕಪುಸ್ತಕಗಳೊಡನೆ ಮೂರು ದಶಕ ಕಳೆದ ನನ್ನಂಥವನಿಗೆ ಈ ಶಿಸ್ತು ಬಹಳ ಆಪ್ತವಾಗಿ ಕಾಣುತ್ತದೆ. ಯಾರು ಬರೆದರೂ, ಯಾರು ಓದಿದರೂ, ಮೊತ್ತ ಒಂದೇ ಬರಬೇಕೆಂಬುದು ಎರಡೂ ಕಡೆಯ ನಿಯಮ.

ಅವರ ಮೊದಲ ಪುಸ್ತಕ ಹೊರಬರುವ ಮುನ್ನವೇ ಅವರ ತಾಯಿಯ ನಾಡಿನಲ್ಲಿ ಘೋರ ವಿಪತ್ತು ಎರಗಿತ್ತು. 1845ರ ಶರತ್ಕಾಲದಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ಅಂಗಮಾರಿ ರೋಗ ತಗುಲಿತು. ಬಡವರ ಅನ್ನವೇ ಆಲೂಗಡ್ಡೆಯಾಗಿದ್ದ ನಾಡಿನಲ್ಲಿ ಬೆಳೆ ನೆಲದಲ್ಲೇ ಕೊಳೆತುಹೋಯಿತು. ಮುಂದಿನ ಏಳು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವು ಮತ್ತು ರೋಗಗಳಿಂದ ಸತ್ತರು. ಅದಕ್ಕಿಂತ ಹೆಚ್ಚು ಮಂದಿ ಹಡಗು ಹತ್ತಿ ದೇಶ ಬಿಟ್ಟರು. ಹೊಲ ಕೈಬಿಟ್ಟಾಗ ಗಂಡಸರ ದುಡಿಮೆಯೂ ಕೈಬಿಟ್ಟಿತು. ಆಗ ಹಲವು ಮನೆಗಳನ್ನು ಉಳಿಸಿದ್ದು ಹೆಂಗಸರ ಮತ್ತು ಹೆಣ್ಣುಮಕ್ಕಳ ಕೈಯಲ್ಲಿದ್ದ ಕೊಕ್ಕೆಕಡ್ಡಿ.

ಕಾರ್ಕ್ ನಗರದ ಬ್ಲ್ಯಾಕ್‌ರಾಕ್‌ನಲ್ಲಿ ಅರ್ಸುಲೈನ್ ಪಂಥದ ಸಂನ್ಯಾಸಿನಿಯರು ಬಡ ಮಕ್ಕಳಿಗೆ ಕ್ರೋಶಾ ಕಲಿಸಿದರು. ಮೊನಹನ್ ಸೀಮೆಯ ಕ್ಲೋನ್ಸ್ ಎಂಬ ಪಟ್ಟಣಕ್ಕೆ 1847ರಲ್ಲಿ ಬಂದ ಪಾದ್ರಿಯ ಪತ್ನಿ ಕಸಾಂಡ್ರಾ ಹ್ಯಾಂಡ್ ಅವರು, ಕಿಲ್ಡೇರ್ ಕಡೆಯಿಂದ ಶಿಕ್ಷಕಿಯನ್ನು ಕರೆಸಿ ಊರಿನ ಹೆಂಗಸರಿಗೆ ಈ ವಿದ್ಯೆ ಹೇಳಿಸಿದರು. ಆ ಕಲಿಕೆ ಹಳ್ಳಿಯಿಂದ ಹಳ್ಳಿಗೆ ಹಬ್ಬಿತು. ಕಡ್ಡಿ ಕೊಳ್ಳಲು ಹಣವಿಲ್ಲದವರು ಸೂಜಿಯನ್ನೋ ತಂತಿಯನ್ನೋ ಬಾಗಿಸಿ ಮರದ ಹಿಡಿಗೆ ಸಿಕ್ಕಿಸಿಕೊಂಡರು. ಹೊಗೆ ತುಂಬಿದ ಗುಡಿಸಿಲಿನಲ್ಲಿ ಹೆಣೆದ ಬಿಳಿಯ ಲೇಸ್ ಮಾಸಿಹೋಗುತ್ತಿತ್ತು. ಅದನ್ನು ಒಗೆದು, ಬಿಳುಪು ಮಾಡಿ, ಲಂಡನ್ ಮತ್ತು ಪ್ಯಾರಿಸ್ಸಿನ ಮಾರುಕಟ್ಟೆಗಳಿಗೆ ಕಳುಹಿಸುತ್ತಿದ್ದರು. ಬಂದ ಹಣ ಹಿಟ್ಟಿಗೆ ಹೋಯಿತು, ಗೇಣಿಗೆ ಹೋಯಿತು, ಕೆಲವೊಮ್ಮೆ ಅಮೆರಿಕಕ್ಕೆ ಹೋಗುವ ಹಡಗಿನ ಚೀಟಿಗೂ ಹೋಯಿತು.

ಈ ಐರಿಷ್ ಕ್ರೋಶಾದ ವಿಧಾನದಲ್ಲಿ ಒಂದು ಜಾಣ್ಮೆಯಿದೆ. ಇಡೀ ಕೊರಳಪಟ್ಟಿಯನ್ನೋ ಮೇಲಂಗಿಯನ್ನೋ ಒಬ್ಬರೇ ಆರಂಭದಿಂದ ಕೊನೆಯವರೆಗೆ ಹೆಣೆಯುವುದಿಲ್ಲ. ಗುಲಾಬಿ, ಮೂರೆಲೆಯ ಶಾಮ್‌ರಾಕ್, ದ್ರಾಕ್ಷಿ ಗೊಂಚಲು, ಗರಗಸದಂಚಿನ ಎಲೆ, ಹೀಗೆ ಒಂದೊಂದನ್ನೂ ಬೇರೆ ಬೇರೆಯಾಗಿ ಹೆಣೆಯುತ್ತಾರೆ. ಒಬ್ಬಳು ಎಲೆಯಲ್ಲಿ ಪಳಗಿದವಳು, ಇನ್ನೊಬ್ಬಳು ಗುಲಾಬಿಯಲ್ಲಿ. ಎಲ್ಲ ಬಿಡಿಗಳು ಸೇರಿದ ಮೇಲೆ ಅವನ್ನು ಬಟ್ಟೆಯ ಮೇಲೆ ಬೋರಲಾಗಿ ಹೊಂದಿಸಿ, ಹಗುರವಾಗಿ ಹೊಲಿದು, ನಡುವಿನ ಬಯಲನ್ನು ಸರಪಣಿ ಮತ್ತು ಸಣ್ಣ ಗಂಟುಗಳ ಜಾಲದಿಂದ ತುಂಬುತ್ತಾರೆ. ಕ್ಲೋನ್ಸ್ ಊರಿನ ಹೆಸರನ್ನೇ ಹೊತ್ತ ಗಂಟು ಇಂದಿಗೂ ಪ್ರಸಿದ್ಧ. ಅಡಿಗೆಯ ನಡುವೆ, ಮಗುವಿನ ತೊಟ್ಟಿಲ ಪಕ್ಕ, ಬಾಗಿಲಲ್ಲಿ ಕುಳಿತು ಒಂದು ಎಲೆ ಮುಗಿಸಬಹುದು. ಬಡ ಮನೆಯ ಹೆಂಗಸಿನ ಚೂರುಚೂರಾದ ಸಮಯಕ್ಕೆ ಚೂರುಚೂರಾಗಿ ಹೆಣೆಯುವ ಈ ಲೇಸ್ ಬಹಳ ಚೆನ್ನಾಗಿ ಹೊಂದಿಕೊಂಡಿತು.

ಇತ್ತ ಲಂಡನ್ನಿನಲ್ಲಿ ರಿಯೇಗೊ ಅವರ ಖ್ಯಾತಿ ಏರುತ್ತಿತ್ತು. 1851ರ ಮೇ 1ರಂದು ಹೈಡ್ ಪಾರ್ಕಿನ ಗಾಜಿನ ಅರಮನೆಯಲ್ಲಿ ಆರಂಭವಾದ ಮಹಾ ವಸ್ತುಪ್ರದರ್ಶನವನ್ನು ಸುಮಾರು 60 ಲಕ್ಷ ಜನ ನೋಡಿದರು. ಉಗಿಯಂತ್ರಗಳೂ ಮಗ್ಗಗಳೂ ಮೆರೆದ ಆ ಸಭಾಂಗಣದಲ್ಲಿ ಕೊಕ್ಕೆಕಡ್ಡಿಯ ಕೆಲಸಕ್ಕೆ ರಿಯೇಗೊ ಅವರು ಪದಕ ಪಡೆದರು. 1852ರಿಂದ 1854ರವರೆಗೆ ಸೂಜಿ ಎಂಬ ಅರ್ಥದ ಹೆಸರಿನ ನಿಯತಕಾಲಿಕೆಯೊಂದನ್ನು ಹೊರತಂದರು. ನ್ಯೂ ಬಾಂಡ್ ಸ್ಟ್ರೀಟಿನಲ್ಲಿ ಅಂಗಡಿ ನಡೆಸಿದರು. ಗಂಟುಲೇಸ್ ಎನ್ನಬಹುದಾದ ಟ್ಯಾಟಿಂಗ್ ಕಲೆಯನ್ನು ಕುರಿತು 1850ರಿಂದ ಬರೆದ ಅವರ ಪುಸ್ತಕಗಳು, ಬಿಡಿ ಬಿಡಿ ಬಳೆಗಳನ್ನು ಜೋಡಿಸುವ ಕ್ರಮವನ್ನು ತಿಳಿಸಿ ಆ ಕಲೆಯನ್ನೂ ಬೆಳೆಸಿದವು. 1860ರ ದಶಕದಲ್ಲಿ ವೇಲ್ಸ್ ರಾಜಕುಮಾರಿಯ ಸೂಜಿಕಲೆಯ ಕಲಾವಿದೆ ಎಂಬ ಬಿರುದು ಅವರ ಮುಖಪುಟಗಳನ್ನು ಅಲಂಕರಿಸಿತು. ನಾಲ್ಕು ದಶಕಗಳಲ್ಲಿ ಅವರು ಹೊರತಂದ ಪುಸ್ತಕಗಳ ಸಂಖ್ಯೆ ಎಪ್ಪತ್ತನ್ನು ಮೀರುತ್ತದೆ. ಹೆಣ್ಣೊಬ್ಬಳು ಸ್ವಂತ ಹೆಸರಿನಲ್ಲಿ ಬರೆದು, ಮಾರಿ, ತನ್ನ ಜೀವನವನ್ನು ತಾನೇ ನಡೆಸುವುದು ಅಂದು ಸಾಮಾನ್ಯ ಸಂಗತಿಯಾಗಿರಲಿಲ್ಲ ಎಂಬುದನ್ನು ಮರೆಯಬಾರದು.

ಬದುಕಿನ ಸಂಜೆಯಲ್ಲಿ, 1886ರಲ್ಲಿ, ಅವರು ಐರಿಷ್ ಲೇಸ್ ಕಲಿಸುವ ಒಂದು ಪುಸ್ತಕ ಪ್ರಕಟಿಸಿದರು. ಕ್ರೋಶಾ ಎಂಬ ಕಲೆಯೇ ತಮ್ಮಿಂದ ಹುಟ್ಟಿದ್ದೆಂದೂ, ತಮ್ಮ ಪುಸ್ತಕಗಳಿಂದಲೇ ಐರ್ಲೆಂಡಿನ ಹೆಣಿಗೆಯ ಉದ್ಯಮ ಬೆಳೆಯಿತೆಂದೂ ಅದರಲ್ಲಿ ಪ್ರತಿಪಾದಿಸಿದರು. ಈ ಮಾತು ಅವರ ಜೀವನದ ಅತ್ಯಂತ ಚರ್ಚಾಸ್ಪದ ಭಾಗ. ಅದೇ 1886ರಲ್ಲಿ, ಆಸ್ಟ್ರಿಯಾ ಮೂಲದ ತೆರೇಸ್ ದೆ ದಿಲ್ಮಾಂ ಅವರ ಸೂಜಿಕಲೆಯ ವಿಶ್ವಕೋಶವೂ ಹೊರಬಂದಿತು. ನಮ್ಮ ಮನೆಗಳ ಹೊಲಿಗೆಯ ಡಬ್ಬಿಗಳಲ್ಲಿ ಇಂದಿಗೂ ಕಾಣುವ ಡಿ.ಎಂ.ಸಿ. ನೂಲಿನ ಕಂಪನಿಯೊಡನೆ ಸೇರಿ ರಚಿಸಿದ ಆ ಗ್ರಂಥ ಹಲವಾರು ಭಾಷೆಗಳಿಗೆ ಅನುವಾದಗೊಂಡಿತು. ಅಲ್ಲಿಗೆ ಸೂಜಿಕಲೆಯ ಬರಹ ಒಬ್ಬ ಲೇಖಕಿಯ ಅಂಗಡಿಯಿಂದ ದೊಡ್ಡ ಕಾರ್ಖಾನೆಗಳ ಕೈಗೆ ದಾಟಿತ್ತೆನ್ನಬಹುದು. ಮರುವರ್ಷ, 1887ರಲ್ಲಿ, ರಿಯೇಗೊ ಅವರು ತೀರಿಕೊಂಡರು.

ಅವರ ಪ್ರತಿಪಾದನೆಯನ್ನು ಹೇಗೆ ತೂಗಬೇಕು? ಕ್ರೋಶಾವನ್ನು ಅವರು ಸೃಷ್ಟಿಸಲಿಲ್ಲ ಎಂಬುದು ಇಂದು ಖಚಿತ. ಅವರು ಹುಟ್ಟುವ ಮೊದಲೇ, 1820ರ ದಶಕದಲ್ಲಿ, ಪೆನೆಲೊಪೆ ಎಂಬ ಡಚ್ ಪತ್ರಿಕೆಯಲ್ಲಿ ಕ್ರೋಶಾ ಚೀಲಗಳ ಮಾದರಿಗಳು ಅಚ್ಚಾಗಿದ್ದವು. ಡೆನ್ಮಾರ್ಕಿನ ಸಂಶೋಧಕಿ ಲಿಸ್ ಪಾಲುದಾನ್ ಅವರು ಈ ಕಲೆಯ ಮೂಲವನ್ನು ಹುಡುಕುತ್ತ ಹೋದಾಗ, 1800ಕ್ಕಿಂತ ಹಿಂದಿನ ಖಚಿತವಾದ ಆಧಾರ ಯುರೋಪಿನಲ್ಲಿ ಅವರಿಗೆ ಸಿಗಲಿಲ್ಲ. ಹಾಗೆಯೇ ಒಬ್ಬ ಜನಕ ಅಥವಾ ಜನನಿಯೂ ಸಿಗಲಿಲ್ಲ. ಐರ್ಲೆಂಡಿನ ಶಾಲೆಗಳಿಗೂ ತಮ್ಮದೇ ಶಿಕ್ಷಕಿಯರಿದ್ದರು, ತಮ್ಮದೇ ಮಾದರಿಗಳಿದ್ದವು. ಓದು ಬಾರದ ನೂರಾರು ಹೆಂಗಸರು ಸುತ್ತಲಿನ ಹೊಲದ ಎಲೆ, ಹೂ, ಜರೀಗಿಡಗಳನ್ನು ನೋಡಿ ಹೊಸ ಆಕೃತಿಗಳನ್ನು ತಾವೇ ಕಟ್ಟಿದರು.

ಜಮಾ ಬದಿಯಲ್ಲಿ ಬರೆಯಬೇಕಾದದ್ದು ಬೇರೆಯೇ ಇದೆ. ಉಬ್ಬು ಹೂವಿನ, ಉಬ್ಬು ಎಲೆಯ ಲೇಸನ್ನು ಕೊಕ್ಕೆಕಡ್ಡಿಗೆ ಒಗ್ಗಿಸಿ, ಅದಕ್ಕೆ ಎಣಿಕೆಯ ಭಾಷೆ ಕೊಟ್ಟು, ಕೊಳ್ಳಬಲ್ಲ ಎಲ್ಲರಿಗೂ ತಲುಪಿಸಿದ್ದು ಅವರ ನಿಜವಾದ ಸಾಧನೆ. ಅದು ಅಲ್ಪವಲ್ಲ. ಜನಕಿ ಎಂಬ ಪಟ್ಟವನ್ನು ಅವರು ಬಯಸದೆ ಇದ್ದಿದ್ದರೂ ಅವರ ಸ್ಥಾನಕ್ಕೆ ಕುಂದಿರಲಿಲ್ಲ. ಅವರ ಹೆಸರು ಮುಖಪುಟದಲ್ಲಿ ಉಳಿಯಿತು; ಹಸಿವಿನ ನಡುವೆ ಎಲೆ ಹೆಣೆದವರ ಹೆಸರುಗಳು ಯಾವ ಪುಸ್ತಕದಲ್ಲಿಯೂ ಉಳಿಯಲಿಲ್ಲ. ಈ ಎರಡನ್ನೂ ಒಟ್ಟಿಗೆ ನೆನೆದಾಗ ಮಾತ್ರ ರಿಯೇಗೊ ಅವರ ಜೀವನದ ಲೆಕ್ಕ ಸರಿಹೊಂದುತ್ತದೆ.

ಈ ವಿಚಾರ ನಮಗೆ ದೂರದ್ದೇನಲ್ಲ. ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದಲ್ಲಿ 19ನೇ ಶತಮಾನದ ಮಧ್ಯಭಾಗದಲ್ಲಿ ಸ್ಕಾಟ್ಲೆಂಡಿನ ಮಿಷನರಿಗಳು ಬಡ ಹೆಂಗಸರಿಗೆ ಲೇಸ್ ಹೆಣೆಯುವುದನ್ನು ಕಲಿಸಿದರು. ಅದು ಬೆಳೆದು ಹೊರದೇಶಗಳಿಗೆ ರಫ್ತಾಗುವ ಉದ್ಯಮವಾಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಅವರು ಅಲ್ಲಿಗೆ ಬಂದು ಅಧ್ಯಯನ ನಡೆಸಿ 1982ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ದಿನವಿಡೀ ಕ್ರೋಶಾ ಹೆಣೆದು ರಫ್ತಿನ ಸರಕು ತಯಾರಿಸುವ ಹೆಂಗಸರನ್ನು ದುಡಿಮೆಗಾರರೆಂದು ಯಾರೂ ಪರಿಗಣಿಸದೆ, ಮನೆಯಲ್ಲಿ ಕುಳಿತು ಬಿಡುವಿನ ವೇಳೆ ಕಳೆಯುವ ಗೃಹಿಣಿಯರೆಂದು ಕಾಣುತ್ತಿದ್ದುದರಿಂದಲೇ ಅವರ ಕೂಲಿ ಅಷ್ಟು ಕಡಿಮೆಯಾಗಿತ್ತೆಂದು ಅವರು ತೋರಿಸಿಕೊಟ್ಟರು. ಮಾಡಿದವಳಿಗೆ ಬಿಡುವಿನ ಆಟ, ಮಾರಿದವನಿಗೆ ವ್ಯಾಪಾರ! 2024ರಲ್ಲಿ ನರಸಾಪುರದ ಕ್ರೋಶಾ ಲೇಸಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಸರಕಿಗೆ ಹೆಸರು ಸಿಕ್ಕಿತು. ಹೆಣೆದ ಕೈಗಳಿಗೂ ತಕ್ಕ ಬೆಲೆ ಸಿಗಲೆಂದು ಹಾರೈಸೋಣ.

ನಮ್ಮ ಮನೆಗಳಲ್ಲಿಯೂ ಕ್ರೋಶಾ ಕೆಲಸವನ್ನು ಹೊತ್ತುಹೋಗದಿದ್ದಾಗ ಮಾಡುವ ಕೆಲಸವೆಂದೇ ಕಂಡಿದ್ದೇವೆ. ಅಜ್ಜಿಯ, ಅತ್ತೆಯ, ದೊಡ್ಡಮ್ಮನ ಕೈಯಲ್ಲಿ ಮೂಡಿದ ಎಲೆಗೆ ಎಷ್ಟು ಸರಪಣಿ, ಎಲ್ಲಿ ತಿರುವು, ಅಂಚಿಗೆ ಯಾವ ಗಂಟು ಎಂಬ ಲೆಕ್ಕ ಅವರ ಬೆರಳುಗಳಲ್ಲಿ ಮಾತ್ರ ಇರುತ್ತದೆ. ಆ ಬೆರಳುಗಳು ನಿಂತಾಗ ಲೆಕ್ಕವೂ ನಿಲ್ಲುತ್ತದೆ. ಹದಿನೆಂಟರ ಹರೆಯದ ರಿಯೇಗೊ ಅವರು ಮಾಡಿದ ಕೆಲಸವನ್ನು ನಮ್ಮ ಮಕ್ಕಳೂ ಮಾಡಬಹುದು. ಒಂದು ನೋಟುಪುಸ್ತಕ ತೆಗೆದುಕೊಂಡು, ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು, ಕನ್ನಡದಲ್ಲಿ, ಅವರು ಬಳಸುವ ಮಾತುಗಳಲ್ಲಿಯೇ, ಒಂದೊಂದು ಸಾಲಿನ ಎಣಿಕೆಯನ್ನು ಬರೆದಿಡಲಿ. ಆ ಪುಟದ ತಲೆಯಲ್ಲಿ ಹೆಣೆದವರ ಹೆಸರನ್ನು ಮರೆಯದೆ ಬರೆಯಲಿ.